ಹನ್ನೆರಡು ರಾತ್ರಿ, ಎಂಟು ಊರು: ಡಿಸೆಂಬರ್‌ನ ಯುರೋಪ್ ಪ್ರವಾಸ ಹೊಂದಿಸುವುದು ಹೇಗೆ?

ಪ್ರಶ್ನೆ: ನಾವು ಶಿವಮೊಗ್ಗದವರು. ಮಕ್ಕಳ ಕ್ರಿಸ್‌ಮಸ್ ರಜೆಯಲ್ಲಿ, 2026ರ ಡಿಸೆಂಬರ್ 21ರಿಂದ ಜನವರಿ 2ರವರೆಗೆ ಯುರೋಪಿಗೆ ಹೋಗಬೇಕೆಂದಿದ್ದೇವೆ. ನಾನು, ನನ್ನ ಹೆಂಡತಿ, 11 ಮತ್ತು 7 ವರ್ಷದ ಇಬ್ಬರು ಮಕ್ಕಳು, ಜೊತೆಗೆ 67 ವರ್ಷದ ನನ್ನ ಅಮ್ಮ. ಅಮ್ಮನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಮಂಡಿನೋವೂ ಇದೆ. ಎಲ್ಲರೂ ಸಸ್ಯಾಹಾರಿಗಳು. ಪ್ರಾಗ್‌ಗೆ ಹೋಗಿ ಇಳಿದು ವಿಯೆನ್ನಾ, ಹಾಲ್‌ಸ್ಟಾಟ್, ಸಾಲ್ಜ್‌ಬರ್ಗ್, ಇನ್ಸ್‌ಬ್ರುಕ್, ನಾಯ್‌ಶ್ವಾನ್‌ಸ್ಟೈನ್ ಕೋಟೆ, ಕೊನೆಗೆ ಮ್ಯೂನಿಕ್, ಸಾಧ್ಯವಾದರೆ ಜ್ಯೂರಿಕ್ ನೋಡಿ ಬರುವ ಯೋಜನೆ. ಮಕ್ಕಳಿಗೆ ಹಿಮ ಬೇಕು, ಹೆಂಡತಿಗೆ ಕ್ರಿಸ್‌ಮಸ್ ಮಾರುಕಟ್ಟೆಗಳನ್ನು ನೋಡುವ ಆಸೆ. ನಮ್ಮ ಏಜೆಂಟ್ 'ಯಾವ ದೇಶದ ವೀಸಾ ಸ್ಲಾಟ್ ಮೊದಲು ಸಿಗುತ್ತೋ ಅಲ್ಲೇ ಹಾಕೋಣ' ಎನ್ನುತ್ತಾರೆ. ನೆಂಟರು 'ಆ ಚಳಿಗೆ ವಯಸ್ಸಾದವರನ್ನು ಕರ್ಕೊಂಡು ಹೋಗಬೇಡಿ' ಎನ್ನುತ್ತಾರೆ. ಬಸ್ ಪ್ಯಾಕೇಜ್ ತೆಗೆದುಕೊಳ್ಳುವುದೇ ವಾಸಿಯೇ?

ಉತ್ತರ: ನಿಮ್ಮ ಪಟ್ಟಿಯಲ್ಲಿರುವ ಊರುಗಳೆಲ್ಲ ನೋಡಬೇಕಾದವೇ. ಆದರೆ ಅದು ಜೂನ್ ತಿಂಗಳಿಗೆ ಹೊಂದುವ ಪಟ್ಟಿ. ಡಿಸೆಂಬರ್ ಕೊನೆಯ ವಾರದಲ್ಲಿ ಅಲ್ಲಿ ನಿಮ್ಮನ್ನು ಕಟ್ಟಿಹಾಕುವುದು ಎರಡು ಸಂಗತಿ, ಹಗಲಿನ ಅಳತೆ ಮತ್ತು ರಜೆಯ ದಿನಗಳು. ಚಳಿ ಆಮೇಲಿನ ಮಾತು. ಇವೆರಡನ್ನು ಮುಂದಿಟ್ಟುಕೊಂಡು ನೋಡಿದರೆ ನಿಮ್ಮ ಪ್ರವಾಸದ ದಿಕ್ಕೇ ತಿರುಗುಮುರುಗಾಗಬೇಕು: ಮ್ಯೂನಿಕ್‌ನಲ್ಲಿ ಶುರುವಾಗಿ ಪ್ರಾಗ್‌ನಲ್ಲಿ ಮುಗಿಯಬೇಕು. ಉಳಿದುಕೊಳ್ಳುವ ಊರುಗಳು ನಾಲ್ಕಕ್ಕೆ ಇಳಿಯಬೇಕು.

ಮೊದಲು ಹಗಲಿನ ಲೆಕ್ಕ. ಡಿಸೆಂಬರ್ 21ರ ಹೊತ್ತಿಗೆ ಮ್ಯೂನಿಕ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಸುಮಾರು 8 ಗಂಟೆಗೆ, ಮುಳುಗುವುದು 4.20ರ ಆಸುಪಾಸಿಗೆ. ಪ್ರಾಗ್ ಮತ್ತು ವಿಯೆನ್ನಾಗಳಲ್ಲಿ ನಾಲ್ಕು ಗಂಟೆಗೇ ಮುಳುಗಿರುತ್ತದೆ. ಎಂದರೆ ಕೈಯಲ್ಲಿರುವ ಬೆಳಕು ಸುಮಾರು ಎಂಟು ಗಂಟೆ. ಹೋಟೆಲ್ ಖಾಲಿ ಮಾಡಿ, ಪೆಟ್ಟಿಗೆ ಎಳೆದುಕೊಂಡು ನಿಲ್ದಾಣಕ್ಕೆ ಹೋಗಿ, ರೈಲಿನಲ್ಲಿ ಎರಡು ಮೂರು ಗಂಟೆ ಕೂತು, ಹೊಸ ಊರಿನಲ್ಲಿ ರೂಮು ಹುಡುಕುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಬೇಸಿಗೆಯಲ್ಲಾದರೆ ರಾತ್ರಿ ಒಂಬತ್ತರವರೆಗೂ ಬೆಳಕಿರುವುದರಿಂದ ಆ ನಷ್ಟ ಕಾಣುವುದಿಲ್ಲ. ಡಿಸೆಂಬರ್‌ನಲ್ಲಿ ಊರು ಬದಲಿಸಿದ ದಿನ ಪೂರ್ತಿ ಹೋದಂತೆಯೇ. ಏಳು ಸಲ ಊರು ಬದಲಿಸಿದರೆ ಹನ್ನೆರಡರಲ್ಲಿ ಏಳು ದಿನದ ಬೆಳಕು ರೈಲು ನಿಲ್ದಾಣಗಳಲ್ಲೇ ಕಳೆಯುತ್ತದೆ.

ಇನ್ನು ರಜೆಗಳು. 2026ರಲ್ಲಿ ಡಿಸೆಂಬರ್ 25 ಶುಕ್ರವಾರ. ಜರ್ಮನಿ ಮತ್ತು ಆಸ್ಟ್ರಿಯಾಗಳಲ್ಲಿ 24ರ ಮಧ್ಯಾಹ್ನಕ್ಕೆ ಅಂಗಡಿಗಳು ಬಾಗಿಲು ಹಾಕುತ್ತವೆ. 25 ಮತ್ತು 26 ಎರಡೂ ಸರ್ಕಾರಿ ರಜೆ. 27 ಭಾನುವಾರ, ಆ ಎರಡೂ ದೇಶಗಳಲ್ಲಿ ಭಾನುವಾರ ಅಂಗಡಿ ತೆರೆಯುವುದಿಲ್ಲ. ಗುರುವಾರ ಮಧ್ಯಾಹ್ನದಿಂದ ಸೋಮವಾರ ಬೆಳಿಗ್ಗೆವರೆಗೆ ಹಾಲು, ಮೊಸರು, ಬ್ರೆಡ್ ಕೊಳ್ಳಲು ದೊಡ್ಡ ರೈಲು ನಿಲ್ದಾಣದೊಳಗಿನ ಒಂದೆರಡು ಅಂಗಡಿ ಬಿಟ್ಟರೆ ಬೇರೆ ದಾರಿ ಕಡಿಮೆ. ಜನವರಿ 1 ಮತ್ತೆ ರಜೆ. ಯೋಜನೆ ಹಾಕುವವರು ಸಾಮಾನ್ಯವಾಗಿ ಮರೆಯುವುದು ಈ ಮೂರೂವರೆ ದಿನಗಳ ಸಾಲನ್ನೇ. ಸಸ್ಯಾಹಾರಿ ಕುಟುಂಬಕ್ಕೆ, ಅದರಲ್ಲೂ ಹೊತ್ತಿಗೆ ಸರಿಯಾಗಿ ಊಟ ಮಾಡಲೇಬೇಕಾದ ಅಮ್ಮನಿಗೆ, ಇದು ಚಳಿಗಿಂತ ದೊಡ್ಡ ತೊಂದರೆ.

ಈಗ ಕ್ರಿಸ್‌ಮಸ್ ಮಾರುಕಟ್ಟೆಗಳು. ಇವು ಹೊಸ ವರ್ಷದವರೆಗೆ ಎಲ್ಲ ಕಡೆ ಇರುತ್ತವೆ ಎಂದು ನಮ್ಮಲ್ಲಿ ಅನೇಕರು ಅಂದುಕೊಂಡಿದ್ದಾರೆ. ಹಾಗಿಲ್ಲ. ಜರ್ಮನಿಯಲ್ಲಿ ಇವು ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕು ವಾರಗಳ ಆಚರಣೆಗೆ ಸೇರಿದವು, ಹಬ್ಬ ಬಂತೆಂದರೆ ಅವುಗಳ ಕೆಲಸ ಮುಗಿಯಿತು. ಮ್ಯೂನಿಕ್‌ನ ಮರೀನ್‌ಪ್ಲಾಟ್ಸ್ ಮಾರುಕಟ್ಟೆ 24ರಂದೇ ಮುಗಿಯುತ್ತದೆ. ವಿಯೆನ್ನಾದ ರಾಟ್‌ಹೌಸ್ (ನಗರಸಭೆ ಕಟ್ಟಡ) ಮುಂದಿನ ದೊಡ್ಡ ಮಾರುಕಟ್ಟೆ 26ರವರೆಗೆ. ಸಾಲ್ಜ್‌ಬರ್ಗ್‌ನ ಕೆಥೀಡ್ರಲ್ ಚೌಕದ್ದು ಈಚಿನ ವರ್ಷಗಳಲ್ಲಿ ಜನವರಿ 1ರವರೆಗೆ ಇರುತ್ತದೆ. ಪ್ರಾಗ್‌ನ ಹಳೇ ಪೇಟೆ ಚೌಕದ್ದು ಜನವರಿ 6ರವರೆಗೆ. ನೀವು ಅಂದುಕೊಂಡ ಹಾಗೆ ಪ್ರಾಗ್‌ನಲ್ಲಿ ಶುರುಮಾಡಿದರೆ ಕೊನೆವರೆಗೂ ಇರುವ ಮಾರುಕಟ್ಟೆಯನ್ನು ಮೊದಲು ನೋಡಿ, ಬೇಗ ಮುಗಿಯುವ ಮ್ಯೂನಿಕ್‌ಗೆ ಅದು ಬಿಚ್ಚಿ ಒಂದು ವಾರವಾದ ಮೇಲೆ ತಲುಪುತ್ತೀರಿ. ಪ್ರವಾಸವನ್ನು ತಿರುಗಿಸಿ ಎಂದಿದ್ದು ಇದಕ್ಕೇ.

ನನ್ನ ಸಲಹೆ ಹೀಗಿದೆ: 21ರಿಂದ ಮೂರು ರಾತ್ರಿ ಮ್ಯೂನಿಕ್, 24ರಿಂದ ಮೂರು ರಾತ್ರಿ ಸಾಲ್ಜ್‌ಬರ್ಗ್, 27ರಿಂದ ಮೂರು ರಾತ್ರಿ ವಿಯೆನ್ನಾ, 30ರಿಂದ ಮೂರು ರಾತ್ರಿ ಪ್ರಾಗ್, ಜನವರಿ 2ರಂದು ಪ್ರಾಗ್‌ನಿಂದಲೇ ವಾಪಸ್ ವಿಮಾನ. ವಿಮಾನ ಟಿಕೆಟ್ ಹುಡುಕುವಾಗ 'ರೌಂಡ್ ಟ್ರಿಪ್' ಬದಲು 'ಮಲ್ಟಿ ಸಿಟಿ' ಆರಿಸಿ, ಹೋಗುವುದು ಮ್ಯೂನಿಕ್‌ಗೆ, ಬರುವುದು ಪ್ರಾಗ್‌ನಿಂದ ಎಂದು ಹಾಕಿ. ಇದನ್ನು ಒಂದೇ ಟಿಕೆಟ್ಟಾಗಿ ಕೊಳ್ಳಬೇಕು, ಎರಡು ಒನ್‌ವೇ ಸೇರಿಸಿದರೆ ಸಾಮಾನ್ಯವಾಗಿ ದುಬಾರಿ. ಮೊದಲು ಇಳಿದ ಊರಿಗೇ ವಾಪಸ್ ಬರುವ ಒಂದು ದಿನ ಇದರಿಂದ ಉಳಿಯುತ್ತದೆ.

ರೈಲು ಪ್ರಯಾಣಗಳೂ ಹಗುರ. ಮ್ಯೂನಿಕ್‌ನಿಂದ ಸಾಲ್ಜ್‌ಬರ್ಗ್‌ಗೆ ಒಂದೂವರೆಯಿಂದ ಎರಡು ಗಂಟೆ, ಅಲ್ಲಿಂದ ವಿಯೆನ್ನಾಕ್ಕೆ ಸುಮಾರು ಎರಡೂವರೆ, ವಿಯೆನ್ನಾದಿಂದ ಪ್ರಾಗ್‌ಗೆ ಸುಮಾರು ನಾಲ್ಕು ಗಂಟೆ. ಮೂರೂ ನೇರ ರೈಲುಗಳು, ನಡುವೆ ಬದಲಿಸುವ ಗೋಜಿಲ್ಲ. ಮ್ಯೂನಿಕ್–ಸಾಲ್ಜ್‌ಬರ್ಗ್ ದಾರಿಗೆ ಬಯರ್ನ್ ಟಿಕೆಟ್ ಎಂಬ ದಿನದ ಪಾಸ್ ಇದೆ. ಐದು ಜನರವರೆಗೆ ಒಂದೇ ಟಿಕೆಟ್, ಸಾಲ್ಜ್‌ಬರ್ಗ್ ಆಸ್ಟ್ರಿಯಾದಲ್ಲಿದ್ದರೂ ಅದರ ಮುಖ್ಯ ನಿಲ್ದಾಣದವರೆಗೆ ನಡೆಯುತ್ತದೆ. ಆದರೆ ಎರಡು ಷರತ್ತು. ಪ್ರಾದೇಶಿಕ ರೈಲಿನಲ್ಲಿ ಮಾತ್ರ ಹತ್ತಬೇಕು. ರೈಲ್‌ಜೆಟ್, ಯೂರೋಸಿಟಿಯಂಥ ವೇಗದ ರೈಲುಗಳಿಗೆ ಹತ್ತಿದರೆ ಟಿಕೆಟ್ ಇಲ್ಲದವರ ಲೆಕ್ಕ, ಜರ್ಮನಿಯಲ್ಲಿ ದಂಡ 60 ಯೂರೋದಿಂದ ಶುರು. ಮತ್ತು ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರವೇ ಅದು ಚಾಲ್ತಿಗೆ ಬರುತ್ತದೆ. 24 ಗುರುವಾರ, ಕಾನೂನಿನ ಪ್ರಕಾರ ಅದು ರಜೆಯ ದಿನವಲ್ಲ, ಹಾಗಾಗಿ 9ರ ನಂತರದ ರೈಲನ್ನೇ ಹಿಡಿಯಿರಿ.

ಟಿಕೆಟ್ ಕಾಯ್ದಿರಿಸುವಾಗ ಒಂದು ಗೊಂದಲ ಎದುರಾಗಬಹುದು. ಯುರೋಪಿನ ರೈಲು ವೇಳಾಪಟ್ಟಿ ಪ್ರತಿವರ್ಷ ಡಿಸೆಂಬರ್ ಎರಡನೇ ವಾರಾಂತ್ಯದಲ್ಲಿ ಬದಲಾಗುತ್ತದೆ, 2026ರಲ್ಲಿ ಅದು 13ನೇ ತಾರೀಕು. ಅದರ ನಂತರದ ರೈಲುಗಳ ಟಿಕೆಟ್ ಮಾರಾಟ ತಡವಾಗಿ ತೆರೆಯುವುದು ಮಾಮೂಲು. ಆಗಸ್ಟ್‌ನಲ್ಲಿ ನೋಡಿದಾಗ ವಿಯೆನ್ನಾ–ಪ್ರಾಗ್ ರೈಲೇ ಕಾಣಿಸದಿದ್ದರೆ ಎಲ್ಲ ತುಂಬಿಹೋಯಿತೆಂದು ಗಾಬರಿಯಾಗಿ ಬಸ್ ಬುಕ್ ಮಾಡಬೇಡಿ, ಅದು ಇನ್ನೂ ಮಾರಾಟಕ್ಕೇ ಬಂದಿಲ್ಲ. ತೆರೆದ ಕೂಡಲೇ ಸಿಗುವ ಅಗ್ಗದ ಟಿಕೆಟ್ ಅದೇ ರೈಲಿಗೆ ಕಟ್ಟಿದ್ದು, ಹಣ ವಾಪಸ್ ಬರುವುದಿಲ್ಲ. ಜೊತೆಗೆ ಸೀಟು ಕಾಯ್ದಿರಿಸುವುದು ಬೇರೆ ಖರ್ಚು. ಟಿಕೆಟ್ ಇದ್ದರೆ ಸೀಟು ಇದ್ದ ಹಾಗಲ್ಲ. 27ರ ಭಾನುವಾರ ಹಬ್ಬ ಮುಗಿಸಿ ಊರಿಗೆ ಮರಳುವವರ ದಟ್ಟಣೆ ಇರುತ್ತದೆ, ಅಮ್ಮನನ್ನು ನಿಲ್ಲಿಸಿಕೊಂಡು ಹೋಗಲಾಗದು. ಐದು ಸೀಟಿಗೂ ಹಣ ಕೊಟ್ಟು ಕಾಯ್ದಿರಿಸಿ.

ವೀಸಾ

ಏಜೆಂಟ್ ಹೇಳಿದ್ದು ತಪ್ಪು, ಮತ್ತು ಅಪಾಯಕಾರಿ. ಷೆಂಗೆನ್ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ನಿಯಮದಲ್ಲಿ ಅರ್ಜಿ ಹಾಕಬೇಕಾದ್ದು ಹೆಚ್ಚು ದಿನ ಉಳಿಯುವ ದೇಶಕ್ಕೆ. ದಿನಗಳು ಸಮನಾಗಿದ್ದರೆ ಮಾತ್ರ ಮೊದಲು ಕಾಲಿಡುವ ದೇಶಕ್ಕೆ. ಮೇಲಿನ ಯೋಜನೆಯಲ್ಲಿ ಜರ್ಮನಿ ಮೂರು ರಾತ್ರಿ, ಚೆಕ್ ಮೂರು ರಾತ್ರಿ, ಆಸ್ಟ್ರಿಯಾ ಆರು ರಾತ್ರಿ. ಹಾಗಾಗಿ ಅರ್ಜಿ ಆಸ್ಟ್ರಿಯಾಕ್ಕೇ. ಬೇರೆ ದೇಶದ ಸ್ಲಾಟ್ ಸಿಕ್ಕಿತೆಂದು ಅಲ್ಲಿಗೆ ಹಾಕಿ, ಅದಕ್ಕೆ ಹೊಂದುವಂತೆ ಸುಳ್ಳು ಹೋಟೆಲ್ ಬುಕಿಂಗ್ ತೋರಿಸಿದರೆ ಅರ್ಜಿ ತಿರಸ್ಕೃತವಾಗಬಹುದು. ವೀಸಾ ಬಂದ ಮೇಲೂ ಗಡಿಯಲ್ಲಿ ಅಧಿಕಾರಿ ಹೋಟೆಲ್ ಪತ್ರ ಕೇಳಿದಾಗ ಸಿಕ್ಕಿಬೀಳುತ್ತೀರಿ. ಒಮ್ಮೆ ತಿರಸ್ಕಾರವಾದರೆ ಆ ದಾಖಲೆ ಮುಂದಿನ ಅರ್ಜಿಗಳಿಗೂ ಅಂಟಿಕೊಳ್ಳುತ್ತದೆ.

ಹೊರಡುವ ದಿನಕ್ಕೆ ಆರು ತಿಂಗಳ ಮೊದಲಿನಿಂದ, ಎಂದರೆ ಜೂನ್ 21ರಿಂದ, ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ ಮೊದಲು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಬೇಕು, ಹೆಚ್ಚಿನ ಪರಿಶೀಲನೆ ಬಂದರೆ 45 ದಿನದವರೆಗೂ ಎಳೆಯಬಹುದು. ಹಿಂದೆ ಎಣಿಸಿದರೆ ಅಕ್ಟೋಬರ್ ಮೊದಲ ವಾರದೊಳಗೆ ಕಾಗದಪತ್ರ ಕೊಟ್ಟಿರಬೇಕು. ದೊಡ್ಡವರಿಗೆ ಶುಲ್ಕ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45. ನಿಮ್ಮ ಐವರಿಗೆ 360 ಯೂರೋ ಮತ್ತು ಅರ್ಜಿ ಕೇಂದ್ರದ ಸೇವಾ ಶುಲ್ಕ. 12 ವರ್ಷದೊಳಗಿನ ಮಕ್ಕಳ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿದ್ದು, ವಾಪಸಾದ ಮೇಲೆ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷದ್ದಾದ್ದರಿಂದ ಅದನ್ನು ಈಗಲೇ ತೆಗೆದು ನೋಡಿ.

ಅಮ್ಮನಿಗೆ ಸ್ವಂತ ಆದಾಯ ಕಡಿಮೆಯಿದ್ದರೆ ಖರ್ಚು ನೀವು ಭರಿಸುತ್ತೀರೆಂಬ ಪತ್ರ, ನಿಮ್ಮ ಬ್ಯಾಂಕ್ ವಿವರ, ಆದಾಯ ತೆರಿಗೆ ರಿಟರ್ನ್, ಮತ್ತು ನೀವು ಅವರ ಮಗ ಎಂದು ತೋರಿಸುವ ದಾಖಲೆ ಜೊತೆಗಿಡಿ. ಅರ್ಜಿಗೆ ಮುನ್ನ ಖಾತೆಗೆ ದಿಢೀರನೆ ದೊಡ್ಡ ಮೊತ್ತ ತುಂಬಿಸುವುದು ಅನುಮಾನಕ್ಕೆ ದಾರಿ. ಹೋಟೆಲ್‌ಗಳನ್ನು ರದ್ದು ಮಾಡಬಹುದಾದ ದರದಲ್ಲೇ ಕಾಯ್ದಿರಿಸಿ, ಆದರೆ ವೀಸಾ ಕೈಗೆ ಬರುವ ಮೊದಲು ರದ್ದು ಮಾಡಬೇಡಿ.

ಜ್ಯೂರಿಕ್ ಕೂಡ ಷೆಂಗೆನ್ ಒಳಗೇ ಇದೆ, ವೀಸಾ ತೊಡಕೇನಿಲ್ಲ. ಆದರೆ ನಿಮ್ಮ ದಾರಿಯಿಂದ ಪೂರ್ತಿ ಪಶ್ಚಿಮಕ್ಕೆ. ಅದನ್ನು ಬಿಡಿ.

ಹಿಮ ಸಿಗುತ್ತದೆಯೇ?

ಊರೊಳಗೆ ಸಿಗುವ ಭರವಸೆ ಇಲ್ಲ. ಚಿತ್ರಗಳಲ್ಲಿ ಕಾಣುವ ಬಿಳಿ ಕ್ರಿಸ್‌ಮಸ್ ಈ ಊರುಗಳಲ್ಲಿ ವಿರಳ. ವಿಯೆನ್ನಾ, ಪ್ರಾಗ್‌ಗಳು ಸಮುದ್ರಮಟ್ಟದಿಂದ 200 ಮೀಟರ್ ಆಸುಪಾಸಿನಲ್ಲಿವೆ, ಸಾಲ್ಜ್‌ಬರ್ಗ್ ಸುಮಾರು 425, ಮ್ಯೂನಿಕ್ ಸುಮಾರು 520. ಡಿಸೆಂಬರ್ ಆರಂಭದಲ್ಲಿ ಹಿಮ ಬಿದ್ದರೂ ಕ್ರಿಸ್‌ಮಸ್ ವಾರದಲ್ಲಿ ಅಟ್ಲಾಂಟಿಕ್ ಕಡೆಯಿಂದ ಬೆಚ್ಚನೆಯ ತೇವದ ಗಾಳಿ ಬೀಸಿ ಕರಗಿಸಿಬಿಡುವುದು ಎಷ್ಟು ಸಾಮಾನ್ಯವೆಂದರೆ, ಜರ್ಮನರು ಅದಕ್ಕೆ 'ಕ್ರಿಸ್‌ಮಸ್ ಕರಗು' ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ. ಆಲ್ಪ್ಸ್ ಬುಡದ ಊರುಗಳಿಗೆ ಇನ್ನೊಂದು ಕಾರಣವೂ ಇದೆ: ಫ್ಯೋನ್ ಎಂಬ ಗಾಳಿ. ಬೆಟ್ಟ ಹತ್ತುವಾಗ ತೇವ ಕಳೆದುಕೊಂಡು, ಈ ಬದಿಗೆ ಇಳಿಯುವಾಗ ಒತ್ತಡಕ್ಕೆ ಬಿಸಿಯಾಗಿ ಬರುವ ಒಣಗಾಳಿ ಅದು. ಒಂದೇ ದಿನದಲ್ಲಿ ತಾಪಮಾನವನ್ನು ಹತ್ತಾರು ಡಿಗ್ರಿ ಏರಿಸಬಲ್ಲದು.

ಮಕ್ಕಳಿಗೆ ಹಿಮ ಬೇಕೆಂದರೆ ಮೇಲೆ ಹೋಗಬೇಕು. ಸಾಲ್ಜ್‌ಬರ್ಗ್‌ನಿಂದ ಊರಿನ ಬಸ್ಸಿನಲ್ಲೇ ಊನ್‌ಟರ್ಸ್‌ಬರ್ಗ್ ಕೇಬಲ್ ಕಾರ್ ಬುಡಕ್ಕೆ ಹೋಗಬಹುದು, ಅದು 1,776 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಚಳಿಗಾಲದಲ್ಲಿ ತಣ್ಣನೆಯ ಭಾರದ ಗಾಳಿ ಕಣಿವೆಯಲ್ಲಿ ತಂಗುವುದರಿಂದ ಕೆಳಗೆ ಊರೆಲ್ಲ ಬೂದು ಮಂಜಿನಲ್ಲಿ ಮುಳುಗಿರುವಾಗ ಮೇಲೆ ನೀಲಿ ಆಕಾಶ, ಬಿಸಿಲು ಇರುವುದುಂಟು. ಆದ್ದರಿಂದ ಕೆಳಗಿನ ಮೋಡ ನೋಡಿ ನಿರಾಶರಾಗಬೇಡಿ, ಮೇಲಿನ ನಿಲ್ದಾಣದ ಕ್ಯಾಮೆರಾ ದೃಶ್ಯ ಅವರ ತಾಣದಲ್ಲೇ ಸಿಗುತ್ತದೆ. ಗಾಳಿ ಜೋರಾದರೆ ಕೇಬಲ್ ಕಾರ್ ನಿಲ್ಲಿಸುತ್ತಾರೆ, ಹಬ್ಬದ ದಿನದ ಸಮಯವೂ ಬೇರೆ ಇರುತ್ತದೆ, ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಇನ್ಸ್‌ಬ್ರುಕ್ ಆಸೆ ಬಿಡಲಾಗದಿದ್ದರೆ ಸಾಲ್ಜ್‌ಬರ್ಗ್‌ನಿಂದ ಎರಡು ಗಂಟೆಯೊಳಗೆ ರೈಲಿದೆ, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಅಲ್ಲಿ ಪೇಟೆ ನಡುವಿನಿಂದಲೇ ಹೊರಡುವ ರೈಲು ಮತ್ತು ಕೇಬಲ್ ಕಾರ್ ಜ಼ೇಗ್ರೂಬೆ ಎಂಬ 1,905 ಮೀಟರ್ ಎತ್ತರದ ಜಾಗಕ್ಕೆ ತಲುಪಿಸುತ್ತವೆ. ಸಾಲ್ಜ್‌ಬರ್ಗ್–ಇನ್ಸ್‌ಬ್ರುಕ್ ರೈಲು ನಡುವೆ ಜರ್ಮನಿಯ ನೆಲದ ಮೇಲೆ ಹಾದುಹೋಗುತ್ತದೆ. ಜರ್ಮನಿ 2024ರ ಸೆಪ್ಟೆಂಬರ್‌ನಿಂದ ತನ್ನೆಲ್ಲ ಭೂಗಡಿಗಳಲ್ಲಿ ತಪಾಸಣೆ ತಂದಿರುವುದರಿಂದ ಪಾಸ್‌ಪೋರ್ಟ್‌ಗಳು ರೂಮಿನಲ್ಲಿರದೆ ಜೇಬಿನಲ್ಲಿರಬೇಕು.

ಹಾಲ್‌ಸ್ಟಾಟ್ ಬಗ್ಗೆ ನೇರವಾಗಿ ಹೇಳುತ್ತೇನೆ. ಅಲ್ಲಿ ರಾತ್ರಿ ಉಳಿಯುವ ಅಗತ್ಯವಿಲ್ಲ. ಸಾಲ್ಜ್‌ಬರ್ಗ್‌ನಿಂದ ಆಟ್‌ನಾಂಗ್-ಪುಖ್‌ಹೈಮ್‌ನಲ್ಲಿ ರೈಲು ಬದಲಿಸಿದರೆ ಒಟ್ಟು ಸುಮಾರು ಎರಡೂವರೆ ಗಂಟೆ. ನಿಲ್ದಾಣ ಇರುವುದು ಸರೋವರದ ಆಚೆ ದಡದಲ್ಲಿ, ಊರಿಗೆ ದೋಣಿಯಲ್ಲಿ ದಾಟಬೇಕು. ದೋಣಿಯ ಸಮಯ ರೈಲಿಗೆ ಹೊಂದಿಕೊಂಡಿರುತ್ತದೆ, ಸಂಜೆ ಬೇಗ ನಿಲ್ಲುತ್ತದೆ. ಕೊನೆಯ ದೋಣಿ ಎಷ್ಟಕ್ಕೆ ಎಂದು ಬೆಳಿಗ್ಗೆ ಇಳಿದ ಕೂಡಲೇ ನೋಡಿಕೊಳ್ಳಿ. ಊರು ಸರೋವರಕ್ಕೂ ಕಡಿದಾದ ಬೆಟ್ಟಕ್ಕೂ ನಡುವೆ ಸಿಕ್ಕಿಕೊಂಡಿರುವುದರಿಂದ ಚಳಿಗಾಲದಲ್ಲಿ ಬಿಸಿಲು ಬೀಳುವುದೇ ಅಪರೂಪ. ಹತ್ತಿರದ ಡಾಖ್‌ಸ್ಟೈನ್ ಗುಹೆಗಳು ಚಳಿಗಾಲದಲ್ಲಿ ಮುಚ್ಚಿರುತ್ತವೆ. 25 ಅಥವಾ 26, ಯಾವ ದಿನ ಆಕಾಶ ತಿಳಿಯಾಗಿರುತ್ತದೋ ಅಂದು ಹೋಗಿ. ಎರಡೂ ದಿನ ಮೋಡವಿದ್ದರೆ ಬಿಟ್ಟುಬಿಡಿ, ಆ ಐದು ಗಂಟೆಗಳ ಪ್ರಯಾಣಕ್ಕೆ ತಕ್ಕದ್ದು ಅಲ್ಲಿ ಸಿಗುವುದಿಲ್ಲ.

ನಾಯ್‌ಶ್ವಾನ್‌ಸ್ಟೈನ್ ಕೋಟೆ ಡಿಸೆಂಬರ್ 24, 25, 31 ಮತ್ತು ಜನವರಿ 1ರಂದು ಮುಚ್ಚಿರುತ್ತದೆ. ಹಾಗಾಗಿ ಸಾಧ್ಯವಿರುವುದು 22 ಅಥವಾ 23. ಮ್ಯೂನಿಕ್‌ನಿಂದ ಫ್ಯೂಸೆನ್‌ಗೆ ಎರಡು ಗಂಟೆ ರೈಲು, ಆಮೇಲೆ ಬಸ್, ಆಮೇಲೆ ಅರ್ಧ ಗಂಟೆಗೂ ಮೀರಿದ ಏರುದಾರಿ. ಹಿಮ ಬಿದ್ದರೆ ಮೇಲಕ್ಕೆ ಹೋಗುವ ಬಸ್ ನಿಲ್ಲುತ್ತದೆ, ಎಲ್ಲರೂ ಚಿತ್ರ ತೆಗೆಯುವ ಮರೀನ್ ಸೇತುವೆಯನ್ನೂ ಮುಚ್ಚುತ್ತಾರೆ. ಒಳಗೆ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು. ಮಂಡಿನೋವಿರುವ ಅಮ್ಮನ ಜೊತೆ ನಾನಾದರೆ ಇದನ್ನು ಪಟ್ಟಿಯಿಂದ ತೆಗೆದು, ಮಕ್ಕಳನ್ನು ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂಗೆ ಕಳಿಸುತ್ತೇನೆ. ವಿಜ್ಞಾನ, ತಂತ್ರಜ್ಞಾನದ ಆ ಸಂಗ್ರಹಾಲಯದಲ್ಲಿ ಒಂದು ದಿನ ಸಾಲದು, ಎಲ್ಲವೂ ಬೆಚ್ಚಗಿನ ಸೂರಿನಡಿ.

ಅಮ್ಮನ ವಿಚಾರ

ಕರೆದುಕೊಂಡು ಹೋಗಬಹುದು. ಈ ಊರುಗಳಲ್ಲಿ ಆ ದಿನಗಳ ಉಷ್ಣತೆ ಸಾಮಾನ್ಯವಾಗಿ ಸೊನ್ನೆಗೆ ಮೂರು ನಾಲ್ಕು ಡಿಗ್ರಿ ಹಿಂದೆ ಮುಂದೆ. ರಾತ್ರಿ ಇನ್ನೂ ಇಳಿಯುವುದುಂಟು. ಆದರೆ ಮನೆ, ರೈಲು, ಟ್ರಾಮ್, ಅಂಗಡಿ ಎಲ್ಲವೂ 20 ಡಿಗ್ರಿಗಿಂತ ಬೆಚ್ಚಗಿರುತ್ತವೆ. ಹೃದಯದ ತೊಂದರೆ, ಆಸ್ತಮಾ ಇದ್ದರೆ ವೈದ್ಯರ ಒಪ್ಪಿಗೆ ಬೇಕೇ ಬೇಕು. ಅದಿಲ್ಲದಿದ್ದರೆ ಚಳಿಗಿಂತ ಹೆಚ್ಚು ಅಂಜಬೇಕಾದ್ದು ಜಾರಿ ಬೀಳುವುದಕ್ಕೆ. ಹಗಲು ಕರಗಿದ ನೀರು ಸಂಜೆ ಕಲ್ಲುಹಾಸಿನ ಮೇಲೆ ತೆಳ್ಳಗೆ ಹೆಪ್ಪುಗಟ್ಟಿದರೆ ಕಣ್ಣಿಗೆ ಒದ್ದೆ ನೆಲದಂತೆಯೇ ಕಾಣುತ್ತದೆ. ಮಲೆನಾಡಿನವರಾದ ನಿಮಗೆ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದ ಮೇಲೆ ನಡೆಯುವ ಬಗೆ ಗೊತ್ತಿದೆ: ಚಿಕ್ಕ ಹೆಜ್ಜೆ, ಪಾದ ಪೂರ್ತಿ ಊರಿ, ಕೈ ಜೇಬಿನಿಂದ ಹೊರಗೆ. ಅಲ್ಲೂ ಅದೇ. ಆಳವಾದ ಗೆರೆಗಳಿರುವ ರಬ್ಬರ್ ಅಟ್ಟೆಯ, ಕಣಕಾಲು ಮುಚ್ಚುವ ನೀರು ಹಿಡಿಯದ ಬೂಟು ಕೊಡಿಸಿ, ದಪ್ಪ ಉಣ್ಣೆ ಕಾಲುಚೀಲಕ್ಕೆ ಜಾಗವಾಗುವಂತೆ ಅರ್ಧ ಅಳತೆ ದೊಡ್ಡದೇ ಇರಲಿ. ಬಿಗಿಯಾದ ಬೂಟಿನಲ್ಲಿ ರಕ್ತ ಸಂಚಾರ ಕುಗ್ಗಿ ಕಾಲು ಬೇಗ ತಣ್ಣಗಾಗುತ್ತದೆ, ಸಕ್ಕರೆ ಕಾಯಿಲೆಯವರಿಗೆ ಗುಳ್ಳೆ ಎದ್ದದ್ದೂ ಗೊತ್ತಾಗುವುದಿಲ್ಲ. ಆ ಬೂಟನ್ನು ಇಲ್ಲೇ ಎರಡು ಮೂರು ವಾರ ಹಾಕಿ ನಡೆದು ಅಭ್ಯಾಸವಾಗಿರಲಿ. ಅಲ್ಲಿ ಪ್ರತಿ ರಾತ್ರಿ ಅವರ ಪಾದವನ್ನು ನೀವೇ ಒಮ್ಮೆ ನೋಡಿ.

ಅಮ್ಮ ಸೀರೆಯನ್ನೇ ಉಡುವವರಾದರೆ ಅದನ್ನೂ ಯೋಚಿಸಿ. ಒಳಗೆ ಥರ್ಮಲ್ ಹಾಕಿ ಸೀರೆ ಉಟ್ಟರೆ ಚಳಿ ತಡೆಯಬಹುದು. ಆದರೆ ನೆರಿಗೆಯ ಅಂಚು ಕರಗಿದ ಹಿಮದ ಕೆಸರನ್ನು ಹೀರಿಕೊಂಡು ಹತ್ತು ನಿಮಿಷದಲ್ಲಿ ಒದ್ದೆಯಾಗುತ್ತದೆ, ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ, ಟ್ರಾಮ್ ಹತ್ತುವಾಗ ಮೆಟ್ಟಿಲಿಗೆ ಸಿಕ್ಕಿಕೊಳ್ಳುತ್ತದೆ. ಹೊರಗೆ ಓಡಾಡುವಾಗ ಸಲ್ವಾರ್ ಅಥವಾ ಪ್ಯಾಂಟ್ ಒಪ್ಪಿಸುವುದು ಒಳ್ಳೆಯದು. ಒಪ್ಪದಿದ್ದರೆ ಸೀರೆಯನ್ನು ಕಣಕಾಲಿನ ಮೇಲಕ್ಕೆ ಎತ್ತಿ ಉಡಿಸಿ, ಕೆಳಗೆ ಥರ್ಮಲ್ ಮತ್ತು ಎತ್ತರದ ಬೂಟು ಕಾಣುತ್ತಿರಲಿ. ಉಳಿದವರಿಗೆ ಮೂರು ಪದರ: ಮೈಗೆ ಅಂಟುವ ಥರ್ಮಲ್, ಮೇಲೆ ಫ್ಲೀಸ್ ಅಥವಾ ಉಣ್ಣೆ, ಅದರ ಮೇಲೆ ಗಾಳಿ ನುಗ್ಗದ ಜಾಕೆಟ್. ಹತ್ತಿ ಬನಿಯನ್ ಬೇಡ, ಬೆವರು ಹೀರಿ ಒದ್ದೆಯಾಗಿ ಮೈ ತಣ್ಣಗಾಗಿಸುತ್ತದೆ. ಮಕ್ಕಳಿಗೆ ಬೆರಳು ಬಿಡಿಯಾದ ಗ್ಲೌಸ್‌ಗಿಂತ ನಾಲ್ಕು ಬೆರಳು ಒಟ್ಟಿಗಿರುವುದು ಬೆಚ್ಚಗಿರುತ್ತದೆ, ಒಂದು ಜೊತೆ ಹೆಚ್ಚಿಗೆ ಇರಲಿ.

ಇನ್ಸುಲಿನ್ ಚೆಕ್-ಇನ್ ಲಗೇಜಿನಲ್ಲಿ ಹಾಕಬೇಡಿ. ಅಲ್ಲಿ ಅದು ಹೆಪ್ಪುಗಟ್ಟಬಹುದು, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು, ಎಸೆಯಬೇಕು. ಬೀದಿಯಲ್ಲೂ ಅದು ಹೊರಗಿನ ಚೀಲದಲ್ಲಿರದೆ ಜಾಕೆಟ್ ಒಳಗಿನ ಜೇಬಿನಲ್ಲಿ ಮೈಗೆ ಹತ್ತಿರವಿರಲಿ. ಸಕ್ಕರೆ ನೋಡುವ ಯಂತ್ರವೂ ತೀರಾ ತಣ್ಣಗಿದ್ದರೆ ತಪ್ಪು ತೋರಿಸುತ್ತದೆ ಅಥವಾ ಕೆಲಸವನ್ನೇ ಮಾಡುವುದಿಲ್ಲ, ಒಳಗೆ ಕೂತು ಬೆಚ್ಚಗಾದ ಮೇಲೆ ನೋಡಿ. ಹೋಗುವಾಗ ದಿನ ನಾಲ್ಕೂವರೆ ಗಂಟೆ ಉದ್ದವಾಗುತ್ತದೆ, ಬರುವಾಗ ಅಷ್ಟೇ ಗಿಡ್ಡವಾಗುತ್ತದೆ. ಆ ಎರಡು ದಿನದ ಡೋಸ್ ಹೇಗೆ ಎಂದು ಅವರ ವೈದ್ಯರಿಂದ ಬರೆಸಿಕೊಳ್ಳಿ. ಔಷಧಗಳ ಮೂಲ ರಾಸಾಯನಿಕ ಹೆಸರಿರುವ ಇಂಗ್ಲಿಷ್ ಚೀಟಿ ಬೇಕು, ನಮ್ಮ ಬ್ರ್ಯಾಂಡ್ ಹೆಸರು ಅಲ್ಲಿ ತಿಳಿಯುವುದಿಲ್ಲ. ಬೇಕಾದ್ದಕ್ಕಿಂತ ಎರಡು ವಾರದಷ್ಟು ಹೆಚ್ಚು ಔಷಧ ಒಯ್ಯಿರಿ, ಎರಡು ಬೇರೆ ಬೇರೆ ಕೈಚೀಲಗಳಲ್ಲಿ. ತುರ್ತಿಗೆ ಎಲ್ಲ ದೇಶಗಳಲ್ಲೂ 112.

ಪ್ರಯಾಣ ವಿಮೆ ವೀಸಾಕ್ಕೆ ಕನಿಷ್ಠ 30,000 ಯೂರೋ ಇರಬೇಕು. ಅಷ್ಟಕ್ಕೇ ನಿಲ್ಲಬೇಡಿ. ಅಗ್ಗದ ಪಾಲಿಸಿಗಳಲ್ಲಿ ಮೊದಲೇ ಇರುವ ಕಾಯಿಲೆಗೆ ಏನೂ ಸಿಗುವುದಿಲ್ಲ, ಅಥವಾ ಜೀವಕ್ಕೆ ಅಪಾಯವಾದಾಗ ಮಾತ್ರ ಒಂದು ಮಿತಿಯವರೆಗೆ ಸಿಗುತ್ತದೆ. ಅಮ್ಮನಿಗೆ ಬೇರೆಯೇ ಪಾಲಿಸಿ ಮಾಡಿಸಿ, ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿ ಬರೆಯಿರಿ. ಮುಚ್ಚಿಟ್ಟರೆ ಮಂಡಿ ಮುರಿದದ್ದಕ್ಕೂ ತಕರಾರು ತೆಗೆಯಬಹುದು.

ಊಟ

ನಾಲ್ಕು ಊರುಗಳಲ್ಲಿ ಕನಿಷ್ಠ ಎರಡು ಕಡೆ, ಮುಖ್ಯವಾಗಿ ಸಾಲ್ಜ್‌ಬರ್ಗ್‌ನಲ್ಲಿ, ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತೆಗೆದುಕೊಳ್ಳಿ. ಮೂರೂವರೆ ದಿನ ಅಂಗಡಿ ಇಲ್ಲದ ಹೊತ್ತು ಕಳೆಯಬೇಕಾದ್ದು ಅಲ್ಲೇ. 23ರ ಬುಧವಾರ ಸಂಜೆ ಮ್ಯೂನಿಕ್‌ನಲ್ಲಿ ಅಕ್ಕಿ, ತರಕಾರಿ ಕೊಂಡು, ಹಾಲು ಮೊಸರನ್ನು 24ರ ಬೆಳಿಗ್ಗೆ ಸಾಲ್ಜ್‌ಬರ್ಗ್ ನಿಲ್ದಾಣದಲ್ಲಿ ಇಳಿದ ಕೂಡಲೇ ತೆಗೆದುಕೊಳ್ಳಿ. ಬುಕ್ ಮಾಡುವಾಗ ಲಿಫ್ಟ್ ಇದೆಯೇ ಕೇಳಿ. ಅಲ್ಲಿ ನೆಲಮಹಡಿ ಸೊನ್ನೆ, 'ಮೂರನೇ ಮಹಡಿ' ಎಂದರೆ ಮೂರು ಸುತ್ತು ಮೆಟ್ಟಿಲು. ವಿಯೆನ್ನಾ, ಪ್ರಾಗ್‌ನ ಹಳೆಯ ಕಟ್ಟಡಗಳಲ್ಲಿ ಅದು ನಮ್ಮ ನಾಲ್ಕನೇ ಮಹಡಿಯಷ್ಟು ಎತ್ತರ. ಹೋಟೆಲ್ ರೂಮಿನಲ್ಲಿ ಕುಕ್ಕರ್ ಇಟ್ಟು ಅನ್ನ ಮಾಡಬೇಡಿ, ಆವಿಗೆ ಅಲಾರಂ ಹೊಡೆದುಕೊಂಡು ಅಗ್ನಿಶಾಮಕದವರು ಬಂದರೆ ಬಿಲ್ ನಿಮಗೆ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿ ಹಿಡಿಯುವುದಿಲ್ಲ, ಅಡಾಪ್ಟರ್ ಬೇಕು.

ಮನೆಯಿಂದ ಏನು ಒಯ್ಯಬಹುದು ಎಂಬುದರಲ್ಲಿ ಅನೇಕರು ಎಡವುತ್ತಾರೆ. ಯುರೋಪಿಯನ್ ಒಕ್ಕೂಟದೊಳಕ್ಕೆ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ: ತುಪ್ಪ, ಪೇಡ, ಪನೀರ್ ಬೇಡ. ಹಸಿ ಕರಿಬೇವು, ಮಾವು, ಹಸಿ ತರಕಾರಿಯೂ ಬೇಡ. ಚಟ್ನಿಪುಡಿ, ಅವಲಕ್ಕಿ, ಹುರಿದ ರವೆ, ಸಾರಿನ ಪುಡಿ, ತುಪ್ಪ ಹಾಕದ ಪುಳಿಯೋಗರೆ ಗೊಜ್ಜು ಒಯ್ಯಬಹುದು. ಗೊಜ್ಜು ಚೆಕ್-ಇನ್‌ನಲ್ಲಿರಲಿ. ಹೊರಗೆ ತಿನ್ನುವಾಗ 'ವೆಗೆಟಾರಿಶ್' ಎಂದು ಕೇಳಿ, ಸೂಪು ಯಾವುದರ ರಸದಲ್ಲಿ ಮಾಡಿದ್ದು ಎಂದೂ ಕೇಳಿ, ತರಕಾರಿ ಸೂಪಿಗೂ ದನದ ಮಾಂಸದ ರಸ ಬಳಸುವುದುಂಟು. ಕ್ನೋಡೆಲ್ ಎಂಬ ಉಂಡೆಗಳಲ್ಲಿ ಹಂದಿ ಮಾಂಸದ ಚೂರು ಇರಬಹುದು. ಚೀಸ್ ಹಾಕಿದ ಕೇಜ಼್‌ಶ್ಪೆಟ್ಸ್‌ಲೆ, ಸಿಹಿ ತಿಂಡಿಯಾದ ಕೈಸರ್‌ಶ್ಮಾರ್ನ್‌ಗಳಲ್ಲಿ ಮೊಟ್ಟೆ ಇದೆ. ಮಾರುಕಟ್ಟೆಗಳಲ್ಲಿ ಸುಟ್ಟ ಚೆಸ್ಟ್‌ನಟ್ ನಿಶ್ಚಿಂತೆಯಿಂದ ತಿನ್ನಬಹುದು. ಮಕ್ಕಳಿಗೆ 'ಕಿಂಡರ್‌ಪುನ್ಶ್' ಕೇಳಿ, ಅದರಲ್ಲಿ ಮದ್ಯವಿಲ್ಲ, ಆದರೆ ಸಿಹಿ ಹೆಚ್ಚು, ಅಮ್ಮನಿಗೆ ಬೇಡ. ಪಾನೀಯ ಕೊಡುವ ಪಿಂಗಾಣಿ ಮಗ್ಗಿಗೆ ಮುಂಗಡ ಹಿಡಿದಿರುತ್ತಾರೆ, ಮಗ್ ವಾಪಸ್ ಕೊಟ್ಟರೆ ಹಣ ವಾಪಸ್.

ಬಸ್ ಪ್ಯಾಕೇಜ್ ಕೆಟ್ಟದ್ದೇನಲ್ಲ. ರಾತ್ರಿ ಭಾರತೀಯ ಊಟ, ಪೆಟ್ಟಿಗೆ ಎತ್ತುವವರು, ಭಾಷೆಯ ತಲೆಬಿಸಿ ಇಲ್ಲ. ಒಬ್ಬರೇ ಹೋಗುವ ಹಿರಿಯರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ದಿನವೂ ಬೆಳಿಗ್ಗೆ ಏಳಕ್ಕೆ ಹೊರಡಬೇಕು, ಹೋಟೆಲ್‌ಗಳು ಊರ ಹೊರಗೆ, ಬೆಳಕಿನ ಎಂಟು ಗಂಟೆಯಲ್ಲಿ ಅರ್ಧ ಹೆದ್ದಾರಿಯ ಮೇಲೆ. ಅಮ್ಮನಿಗೆ ಇಂದು ಆಗದು ಎಂದರೆ ನಿಲ್ಲುವ ಅವಕಾಶವಿಲ್ಲ. ಬಾಡಿಗೆ ಕಾರು ಇನ್ನೊಂದು ದಾರಿ, ಅದನ್ನು ನಾನು ಒಪ್ಪುವುದಿಲ್ಲ. ನಾಲ್ಕು ಗಂಟೆಗೆ ಕತ್ತಲು, ರಸ್ತೆಯ ಎಡ ಬಲ ಬೇರೆ, ಹೆಪ್ಪುಗಟ್ಟಿದ ರಸ್ತೆಯ ಅನುಭವವಿಲ್ಲ. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಹಿಮದ ರಸ್ತೆಯಲ್ಲಿ ಚಳಿಗಾಲದ ಟಯರ್ ಕಡ್ಡಾಯ, ಹೆದ್ದಾರಿಗೆ ಸುಂಕದ ಚೀಟಿ ಬೇರೆ, ಒಂದು ದೇಶದಲ್ಲಿ ತೆಗೆದ ಕಾರನ್ನು ಇನ್ನೊಂದರಲ್ಲಿ ಬಿಟ್ಟರೆ ಭಾರಿ ಶುಲ್ಕ.

ವಿಯೆನ್ನಾದಲ್ಲಿ ಎದುರುಬದುರು ನಿಂತ ಎರಡು ದೊಡ್ಡ ಸಂಗ್ರಹಾಲಯಗಳಲ್ಲಿ ಕಲೆಯದ್ದಕ್ಕೆ ಸಾಮಾನ್ಯವಾಗಿ ಸೋಮವಾರ ರಜೆ, ಡೈನೋಸಾರ್ ಇರುವ ನಿಸರ್ಗದ್ದಕ್ಕೆ ಮಂಗಳವಾರ. ಮಕ್ಕಳನ್ನು 28ರ ಸೋಮವಾರ ಎರಡನೆಯದಕ್ಕೆ ಕರೆದೊಯ್ಯಿರಿ. ಶೋನ್‌ಬ್ರುನ್ ಅರಮನೆ ವರ್ಷವಿಡೀ ತೆರೆದಿರುತ್ತದೆ, ಅದರ ಮುಂದಿನ ಮಾರುಕಟ್ಟೆ ಹೊಸ ವರ್ಷದವರೆಗೂ ನಡೆಯುತ್ತದೆ. ರಾಟ್‌ಹೌಸ್‌ನದು ತಪ್ಪಿದ ಬೇಸರ ಅಲ್ಲಿ ತೀರುತ್ತದೆ.

ಪ್ರಾಗ್‌ನಲ್ಲಿ ಹಣ ಕೊರುನಾ. ಹಳೇ ಪೇಟೆಯ ವಿನಿಮಯ ಅಂಗಡಿಗಳಲ್ಲಿ ದರ ಕೆಟ್ಟದಾಗಿದ್ದರೆ ಮೂರು ಗಂಟೆಯೊಳಗೆ ರಸೀದಿ ಸಮೇತ ಹೋಗಿ ವಹಿವಾಟನ್ನು ರದ್ದು ಮಾಡುವ ಹಕ್ಕು 2019ರಿಂದ ಕಾನೂನಿನಲ್ಲಿದೆ, ಮೊತ್ತ 1,000 ಯೂರೋ ಮೀರಿರಬಾರದು. ಎಟಿಎಂ ಅಥವಾ ಕಾರ್ಡ್ ಯಂತ್ರ 'ರೂಪಾಯಿಯಲ್ಲಿ ಕಡಿತ ಮಾಡಲೇ' ಎಂದು ಕೇಳಿದರೆ ಬೇಡ ಎನ್ನಿ, ಸ್ಥಳೀಯ ಹಣವನ್ನೇ ಆರಿಸಿ. ರೂಪಾಯಿ ಆರಿಸಿದರೆ ಆ ಯಂತ್ರದವರು ತಮ್ಮ ದರ ಹಾಕುತ್ತಾರೆ. ಡಿಸೆಂಬರ್ 31ರ ರಾತ್ರಿ ಹಳೇ ಪೇಟೆಯಲ್ಲಿ ನೂಕುನುಗ್ಗಲು, ಪಟಾಕಿ ಸದ್ದು. ಅಮ್ಮ ಮತ್ತು ಸಣ್ಣ ಮಗುವಿದ್ದಾಗ ಸಂಜೆ ಏಳರೊಳಗೆ ಸುತ್ತಾಡಿ ಮನೆ ಸೇರಿ, ನದಿಯ ಆಚೆ ಬದಿಯ ಮನೆಯಾದರೆ ನಿದ್ದೆಯೂ ಆದೀತು.

ವಾಪಸ್ ಹೊರಡುವ ಜನವರಿ 2ರಂದು ಫ್ರಾಂಕ್‌ಫರ್ಟ್‌ನಂಥ ಕಡೆ ವಿಮಾನ ಬದಲಿಸಬೇಕಾದರೆ ನಡುವೆ ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ. ಷೆಂಗೆನ್‌ನಿಂದ ಹೊರಬೀಳುವ ತಪಾಸಣೆ ನಡೆಯುವುದು ಪ್ರಾಗ್‌ನಲ್ಲಲ್ಲ, ಆ ಎರಡನೇ ವಿಮಾನ ನಿಲ್ದಾಣದಲ್ಲಿ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದ ಹೊಸ ಪ್ರವೇಶ-ನಿರ್ಗಮನ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರ ಮುಖದ ಚಿತ್ರ ದಾಖಲಾಗುವುದರಿಂದ ಸಾಲು ನಿಧಾನ. ಅಮ್ಮನಿಗೆ ಗಾಲಿಕುರ್ಚಿ ಸೇವೆಯನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿ, ಹೊರಡುವ ಎರಡು ದಿನ ಮೊದಲು ವಿಮಾನ ಸಂಸ್ಥೆಗೆ ಫೋನ್ ಮಾಡಿ ದಾಖಲಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಅದಕ್ಕೆ ಹಣವಿಲ್ಲ.